ಅಕ್ಕೋರ ರೊಟ್ಟಿ

ಬನಹಟ್ಟಿಯ ನೇಕಾರ ಓಣಿಯಲ್ಲಿ ಸುಂದರವ್ವನ ಕೈಗೆ ಹೆಸರಿತ್ತು, ಬಾಯಿಗೆ ಅದಕ್ಕಿಂತ ಹೆಚ್ಚು. ಬೆಳಗಿನಿಂದ ರಾಟಿಯ ಮುಂದೆ ಕೂತು ಮಗ್ಗಕ್ಕೆ ನೂಲು ಸುತ್ತುವಳು. ಕೈ ನೂಲಿನ ಮೇಲೆ, ನಾಲಿಗೆ ಊರಿನ ಮೇಲೆ. ಇಂಥವಳು ಒಬ್ಬರ ಹೆಸರು ಬಂದರೆ ಮಾತ್ರ ತುಟಿ ಹೊಲಿದುಕೊಂಡುಬಿಡುತ್ತಿದ್ದಳು. ಅವರು ಎಸ್ತೇರ ಅಕ್ಕೋರು.

ಅಕ್ಕೋರು ಪ್ರಾರ್ಥನಾ ಮಂದಿರದ ಹಿಂದಿನ ಕೋಣೆಯಲ್ಲಿ ಬಡ ಮಕ್ಕಳಿಗೆ ಸಂಜೆ ಪಾಠ ಹೇಳುವವರು. ಸುಂದರವ್ವನ ಗಂಡ ಹೊಳೆಪ್ಪನ ಕೈ ಮಗ್ಗಕ್ಕೆ ಸಿಕ್ಕು ಮನೆಯ ಒಲೆ ತಣ್ಣಗಾದ ವರ್ಷ, ಮಗಳು ರಾಜಶ್ರೀಯನ್ನು ಶಾಲೆ ಬಿಡಿಸದಂತೆ ತಡೆದವರು ಅವರೇ. ಚೀಲ, ಅಂಗಿ, ಕಡೆಗೆ ಹಾಲಿಗೆಂದು ಒಂದು ಆಡು ಕೂಡ ಮಂದಿರದವರ ಕಡೆಯಿಂದ ಬಂತು. ಉಂಡ ಮನೆಯ ಜಂತೆ ಎಣಿಸಬಾರದೆಂದು ಸುಂದರವ್ವನಿಗೂ ಗೊತ್ತು. ಆದರೆ ಹೊಟ್ಟೆಕಿಚ್ಚಿಗೆ ಗಾದೆ ತಿಳಿಯುತ್ತದೆಯೇ? ಆಡು ಕೊಟ್ಟು ಮಗಳನ್ನು ಹೊಡೆದುಕೊಂಡು ಹೋದರು ಎಂದೇ ಅವಳಿಗೆ ಉರಿ. "ಅಕ್ಕೋರು ಹಿಂಗ ಹೇಳ್ಯಾರ, ಅಕ್ಕೋರು ಹೆಂಗ ಜಡಿ ಹಾಕ್ಯಾರ ನೋಡ" ಎಂದು ಮನೆಯಲ್ಲಿ ದಿನವೂ ಮಗಳದು ಅದೇ ಜಪ. ಹುಟ್ಟಿದಾಗಿನಿಂದ ಎಣ್ಣೆ ಹಚ್ಚಿ ಬಾಚಿದ ತಾಯಿಯ ಕೈ ಯಾರಿಗೂ ನೆನಪಿರಲಿಲ್ಲ.

ನಾಗಪಂಚಮಿಯ ಮೊದಲು ರೊಟ್ಟಿ ಹಬ್ಬ ಬಂತು. ಅಂದು ಓಣಿಯ ಮನೆಮನೆಗೂ ರೊಟ್ಟಿ, ಪಲ್ಯ ಬೀರಬೇಕು. ಜಾತಿ ಗೀತಿ ಕೇಳುವಂತಿಲ್ಲ, ಕೊಟ್ಟವರಿಗೆ ತಿರುಗಿ ಕೊಡಲೇಬೇಕು. ಸುಂದರವ್ವ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಬಡಿದು ಎಲ್ಲರಿಗೂ ಕೊಟ್ಟಳು, ಜಗಳಾಡಿ ಮಾತು ಬಿಟ್ಟವರಿಗೂ ಕೊಟ್ಟಳು. ಅಕ್ಕೋರಿಗೊಬ್ಬರಿಗೆ ಕೊಡಲಿಲ್ಲ.

ಇಳಿಹೊತ್ತಿಗೆ ನೆರೆಮನೆಯ ಕೆಂಪವ್ವ ಬಂದಳು.

"ಅಕ್ಕೋರಿಗೆ ಯಾರೂ ರೊಟ್ಟಿ ಕೊಟ್ಟಿಲ್ಲಂತ ಬೇ. ನಿನ್ನ ಮಗಳು ಅವರ ಮಗಳಿದ್ದಂಗ. ಮೊದಲ ನೀನ ಕೊಟ್ಟಿರತಿ ಅಂತ ಓಣ್ಯಾಗಿನವರೆಲ್ಲಾ ಸುಮ್ನ ಕುಂತಾರ."

ಅವರ ಮಗಳಿದ್ದಂಗ ಎಂಬ ಮಾತು ಸುಂದರವ್ವನ ಎದೆಗೆ ಚುಚ್ಚಿತು. ಆದರೂ ಹಬ್ಬದ ದಿನ ಒಬ್ಬರನ್ನು ಬರಿಗೈಯಲ್ಲಿ ಕೂರಿಸಿದ ಅಪವಾದ ಬೇಡವೆಂದು ರೊಟ್ಟಿ ಕಟ್ಟಿಕೊಂಡು, ರಾಜಶ್ರೀಯನ್ನು ಕರೆದುಕೊಂಡು ಹೊರಟಳು.

ಅಕ್ಕೋರು ಬಾಗಿಲಲ್ಲೇ ಕೂತಿದ್ದರು. ಹಿಂದೆ ಮೊರದಲ್ಲಿ ಒಂದು ರಾಶಿ ರೊಟ್ಟಿ. ಅವರು ಕೊಳ್ಳೇಗಾಲದ ಕಡೆಯವರು, ಮುದ್ದೆ ತಿಂದು ಬೆಳೆದವರು. ಈ ಸಲ ತಾವೂ ಬೀರಬೇಕೆಂದು ಬೆಳಿಗ್ಗೆಯೇ ಬಡಿದಿಟ್ಟು, ಮೊದಲು ಯಾರಾದರೂ ಬರಲಿ ಎಂದು ಕಾದಿದ್ದರು.

"ಬನ್ನಿ ಸುಂದರವ್ವ. ರೊಟ್ಟಿ ಅಂತ ಮಾಡಿದೀನಿ, ನಗಬೇಡಿ."

ಅಂಚು ಹರಿದು, ಒಂದು ಕಡೆ ಕರಕಲು, ಒಂದು ಕಡೆ ಹಸಿ. ಸುಂದರವ್ವನಿಗೆ ಎಷ್ಟೋ ತಿಂಗಳ ಮೇಲೆ ಹೊಟ್ಟೆ ತಣ್ಣಗಾಯಿತು. ಓದು, ಬರಹ, ಜಡೆ ಎಲ್ಲ ನಿನಗಿರಲಿ ತಾಯಿ, ರೊಟ್ಟಿ ನನ್ನದು ಎಂದುಕೊಂಡಳು. ಅಷ್ಟರಲ್ಲಿ ರಾಜಶ್ರೀ ಆ ಕರಕಲು ರೊಟ್ಟಿಯನ್ನೇ ಮುರಿದು ಬಾಯಿಗಿಟ್ಟಳು.

"ಭಾಳ ಛಲೋ ಆಗ್ಯಾವರೀ ಅಕ್ಕೋರ."

ಸುಂದರವ್ವನ ಮುಖ ಇಳಿಯಿತು. ಇಷ್ಟು ವರ್ಷ ತಾನು ಬಡಿದ ರೊಟ್ಟಿಗೆ ಈ ಹುಡುಗಿ ಒಂದು ದಿನವೂ ಛಲೋ ಎಂದಿರಲಿಲ್ಲ. ಹೇಗೋ ರೊಟ್ಟಿ ಕೊಟ್ಟು, ಅಕ್ಕೋರದನ್ನು ಇಸಿದುಕೊಂಡು, ಬಿರಬಿರನೆ ಹೊರಬಿದ್ದಳು. ಮಂದಿರದ ಮೂಲೆ ತಿರುಗಿದ ಮೇಲೆ ತಡೆಯಲಾಗಲಿಲ್ಲ.

"ಖರೇನ ಛಲೋ ಇತ್ತೇನ ಅದು?"

"ಇಲ್ಲಬೇ, ಹಸಿ ಹಿಟ್ಟ. ಅವರು ಮುಂಜಾನಿಂದ ಕಾದಾರ, ಮತ್ತೇನ ಹೇಳಲಿ?"

"ನನಗ ಮಾತ್ರ ಎಂದೂ ಹೇಳಲಿಲ್ಲಲ್ಲ."

ರಾಜಶ್ರೀಗೆ ಪ್ರಶ್ನೆಯೇ ತಿಳಿಯಲಿಲ್ಲ. "ನಿನಗ್ಯಾಕ ಹೇಳಬೇಕು? ನೀ ನಮ್ಮವ್ವ."

ಸುಂದರವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು.

"ಆದರೂ ಒಮ್ಮೆ ನನಗೂ ಹೇಳ," ಎಂದಳು.