ಬಕೆಟ್ಟಿನಲ್ಲಿ ತೇಲಿದ ಎರಡು ಬಾಟಲಿಗಳು

ಫೋಟೊ ಎಂದರೆ ನನ್ನ ಹೆಂಡತಿ ಮುಖಕ್ಕೆ ಸೆರಗು ಅಡ್ಡ ಹಿಡಿಯುವವಳು. ಅಂಥವಳು ಮೊಮ್ಮಗಳ ಹಳೇ ಕ್ಯಾಮೆರಾದ ಮುಂದೆ ಎರಡು ಬೆಳಿಗ್ಗೆ ಕೂತಿದ್ದಳು. ಮೂವತ್ತಾರು ಚಿತ್ರ. ಆ ರೀಲನ್ನು ಹಾಳು ಮಾಡಿದವನು ನಾನು.

ಅಡಿಲೇಡಿನಲ್ಲಿ ನಾವಿಬ್ಬರೂ ಮಗಳ ಮನೆಯಲ್ಲಿದ್ದೇವೆ. ಅವಳು ಬೆಡ್‌ಫರ್ಡ್ ಪಾರ್ಕ್ ಎಂಬ ಬಡಾವಣೆಯಲ್ಲಿ ಡಾಕ್ಟರು, ಮೊಮ್ಮಗಳು ಅಲ್ಲೇ ಓದುತ್ತಾಳೆ. ಕಪ್ಪು ಬಿಳುಪು ರೀಲನ್ನು ಮನೆಯಲ್ಲೇ ತೊಳೆಯಬೇಕೆಂದು ಹುಡುಗಿಗೆ ಆಸೆ. "ನಾನಿದ್ದೀನಿ ಬಿಡು" ಅಂದೆ. ಎಸ್ಸೆಸ್ಸೆಲ್ಸಿ ಆದಮೇಲೆ ಎರಡು ವರ್ಷ ಮೈಸೂರಿನ ಸ್ಟುಡಿಯೊ ಒಂದರಲ್ಲಿ ಇದ್ದದ್ದು ನಿಜ. ಕೂತಿದ್ದು ಮಾತ್ರ ಕೌಂಟರಿನಲ್ಲಿ. ಡಾರ್ಕ್ ರೂಮಿಗೆ ಒಂದು ದಿನವೂ ಕಾಲಿಟ್ಟವನಲ್ಲ. ಇದನ್ನು ಹೆಂಡತಿಗೂ ಹೇಳಿರಲಿಲ್ಲ.

"ತಾತ, ಔಷಧಿ ಬಾಟಲ್‌ಗೆ ಲೇಬಲ್ ಹಾಕೋಣ, ಪ್ಲೀಸ್."

"ಉಪ್ಪಿನ ಡಬ್ಬ, ಸಕ್ಕರೆ ಡಬ್ಬಕ್ಕೆ ನಿಮ್ಮಜ್ಜಿ ಚೀಟಿ ಅಂಟಿಸ್ತಾಳಾ? ಎಡಗಡೆ ಚಿತ್ರ ಮೂಡಿಸೋ ಡೆವಲಪರ್, ಬಲಗಡೆ ಆಮೇಲೆ ಅದನ್ನ ನಿಲ್ಲಿಸೋ ಫಿಕ್ಸರ್. ಮುಗೀತು."

ಭಾನುವಾರ ಮಧ್ಯಾಹ್ನ ಮೊಮ್ಮಗಳನ್ನೂ ಹೊರಗೆ ಕಳಿಸಿ ಬಚ್ಚಲಮನೆ ಸೇರಿದೆ. ಬಾಗಿಲ ಸಂದಿಗೆ ಟವೆಲು, ಕಿಟಕಿಗೆ ಕಂಬಳಿ. ಆ ಕತ್ತಲಲ್ಲಿ ರೀಲನ್ನು ಪ್ಲಾಸ್ಟಿಕ್ ಸುರುಳಿಗೆ ಸುತ್ತಬೇಕು. ಎರಡು ಸುತ್ತು ಹೋಗುತ್ತದೆ, ಮೂರನೆಯದಕ್ಕೆ ಕಚ್ಚಿಕೊಳ್ಳುತ್ತದೆ. ಬಿಚ್ಚು, ಮತ್ತೆ ಸುತ್ತು. ಬೆವರಿಗೆ ಬೆರಳು ನಿಲ್ಲುತ್ತಿರಲಿಲ್ಲ. ಏಳನೆಯ ಸಲಕ್ಕೆ ಹೇಗೋ ಕೂತಿತು. ಅದನ್ನು ಬೆಳಕು ನುಗ್ಗದ ಡಬ್ಬಿಯಲ್ಲಿಟ್ಟು, ಮುಚ್ಚಳ ಭದ್ರಮಾಡಿ ದೀಪ ಹಾಕಿದೆ.

ಔಷಧಿ ಇಪ್ಪತ್ತು ಡಿಗ್ರಿ ಇರಬೇಕಂತೆ! ಈ ಊರಿನ ಬೇಸಿಗೆಯಲ್ಲಿ ನಲ್ಲಿ ನೀರೇ ಸ್ನಾನಕ್ಕೆ ಕಾಯಿಸಿದ ಹಾಗೆ ಬರುತ್ತದೆ. ಎರಡೂ ಬಾಟಲಿಗಳನ್ನು ಐಸ್ ನೀರಿನ ಬಕೆಟ್ಟಿಗೆ ಬಿಟ್ಟೆ. ಅಷ್ಟರಲ್ಲಿ ಅಳಿಯ ಬಾಗಿಲು ಬಡಿದರು.

"ಮಾವ, ಇನ್ನೂ ಎಷ್ಟೊತ್ತು? ಅರ್ಜೆಂಟು!"

"ಮೂಲೆ ಸರ್ವೋ ಬಂಕಲ್ಲಿ ಪೆಟ್ರೋಲ್ ಹಾಕಿಸ್ಕೊಂಡು ಅಲ್ಲೇ ಹೋಗ್ಬನ್ನಿ!"

ಕೂಗಿ ಈ ಕಡೆ ತಿರುಗಿದರೆ ಬಾಟಲಿಗಳು ತೇಲುತ್ತಾ ಸುತ್ತುತ್ತಿವೆ. ದುಂಡನೆಯ ಬಕೆಟ್ಟಿನಲ್ಲಿ ಎಡ ಯಾವುದು, ಬಲ ಯಾವುದು? ಕೈಗೆ ಸಿಕ್ಕಿದ್ದನ್ನು ಡಬ್ಬಿಗೆ ಸುರಿದೆ. ಸುರಿದ ಮೇಲೆ ವಿನೆಗರಿನ ಹುಳಿ ವಾಸನೆ ಮೂಗಿಗೆ ಬಡಿಯಿತು. ಫಿಕ್ಸರು. ಅದು ಮೊದಲು ಬಿದ್ದರೆ ಚಿತ್ರ ಮೂಡುವ ಮೊದಲೇ ಎಲ್ಲ ಅಳಿಸಿಹೋಗುತ್ತದೆ.

ಗಾಜಿನಂತೆ ಖಾಲಿಯಾದ ರೀಲು ಹಿಡಿದು ಹೊರಗೆ ಬಂದೆ. ಆಗಲಾದರೂ ಹೇಳಬಹುದಿತ್ತು.

"ಕ್ಯಾಮೆರಾದಲ್ಲಿ ಸರಿಯಾಗಿ ಸಿಕ್ಕಿಸಿಲ್ಲ ನೀನು. ರೀಲು ಓಡೇ ಇಲ್ಲ."

"ಸಾರಿ ತಾತ. ಸಾರಿ ಅಜ್ಜಿ" ಎಂದಳು ಹುಡುಗಿ. ನನಗೆ ಸಾರಿ!

ನಾಲ್ಕು ದಿನದ ಮೇಲೆ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದಳು. ಗೆಳತಿಗೆ ಕೊಟ್ಟುಬಿಡುತ್ತಾಳಂತೆ. "ಐಯಾಮ್ ನಾಟ್ ಗುಡ್ ಅಟ್ ದಿಸ್, ತಾತ." ಇನ್ನು ತಡೆಯಲಾಗಲಿಲ್ಲ. ಕೌಂಟರಿನಿಂದ ಹಿಡಿದು ಬಕೆಟ್ಟಿನವರೆಗೆ ಎಲ್ಲವನ್ನೂ ಹೇಳಿದೆ.

"ಯೂ ಲೆಟ್ ಮೀ ಸೇ ಸಾರಿ" ಎಂದಳು. ಅಷ್ಟೇ. ಮುಖ ತಿರುಗಿಸಿದಳು.

ಹೆಂಡತಿ ಅಡುಗೆಮನೆಯಿಂದ ಬಂದಳು. "ಕತ್ತು ನೋಯಿಸ್ಕೊಂಡು ಕೂತಿದ್ನಲ್ರೀ! ಪುಟ್ಟಿ, ನಾನು ಮತ್ತೆ ಕೂರ್ತೀನಿ. ಇವರು ಮಾತ್ರ ಬಚ್ಚಲಮನೆ ಒಳಗೆ ಕಾಲಿಡೋ ಹಾಗಿಲ್ಲ."

ಈಗ ಬಾಟಲಿಗಳ ಮೇಲೆ ದಪ್ಪಕ್ಷರದ ಚೀಟಿಗಳಿವೆ. ಮೊಮ್ಮಗಳು ಒಳಗೆ ರೀಲು ತೊಳೆಯುವಾಗ ನಾನು ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ಬಂದವರಿಗೆಲ್ಲ "ಇನ್ನೂ ಆಗಿಲ್ಲ" ಎನ್ನುತ್ತೇನೆ. ಮೈಸೂರಿನಲ್ಲೂ ನನ್ನ ಕೆಲಸ ಇದೇ ಆಗಿತ್ತು. ಒಳಗೆ ಬಾ ಎಂದು ಅವಳು ಇನ್ನೂ ಕರೆದಿಲ್ಲ.