ಹಿಂದಿನ ಪುಟದಿಂದ ಓದುತ್ತಿದ್ದ ಅಕ್ಕೋರು

ಅವರ ಬಲಗೈ ಹೆಬ್ಬೆರಳಿನ ಉಗುರು ನೇರಳೆ ಬಣ್ಣದ್ದು. ಕಾಲೇಜಿನ ಪುಸ್ತಕಗಳಿಗೆ ಶಿಕ್ಕಾದ ಮುದ್ರೆ ಒತ್ತಿ ಒತ್ತಿ ಶಾಯಿ ಉಗುರಿನೊಳಗೇ ಇಳಿದುಬಿಟ್ಟಿತ್ತು. ಹಬ್ಬಕ್ಕೆ ಎಣ್ಣೆ ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲವಂತೆ. ಯಾವ ಪುಸ್ತಕ ಕೈಗೆ ಬಂದರೂ ಆ ಉಗುರು ಹಿಂದಿನ ರಟ್ಟಿನ ಕಡೆಯಿಂದ ಒಳಗೆ ನುಗ್ಗುತ್ತಿತ್ತು. ಮುನ್ನುಡಿ, ಅರ್ಪಣೆ, ಲೇಖಕರ ಭಾವಚಿತ್ರ ಇವು ಯಾವುದಕ್ಕೂ ಅಲ್ಲಿ ಮರ್ಯಾದೆ ಇಲ್ಲ. ಮೊದಲು ಕೊನೆಯ ಪುಟಗಳ ಪದಸೂಚಿ, ಆಮೇಲೆ ಉಳಿದ ಸಂಸಾರ.

ಚಿತ್ತಾಪುರದ ನಮ್ಮ ಕಾಲೇಜಿನ ಗ್ರಂಥಪಾಲಕಿ ಅವರು. ಪ್ರಿನ್ಸಿಪಾಲರಿಂದ ಹಿಡಿದು ಜವಾನನವರೆಗೆ ಎಲ್ಲರಿಗೂ ಅಕ್ಕೋರು. ವಾಡಿಯ ರೈಲ್ವೆ ಕ್ವಾರ್ಟರ್ಸಿನಿಂದ ದಿನಾ ರೈಲಿನಲ್ಲಿ ಬಂದು, ಸೆರಗಿಗೆ ಅಂಟಿದ ಅಲ್ಲಿನ ಕಾರ್ಖಾನೆಯ ಸಿಮೆಂಟು ಧೂಳು ಕೊಡವಿ, ಕುರ್ಚಿಯಲ್ಲಿ ಕೂರುತ್ತಿದ್ದರು. ಅವರ ಮೇಜಿನ ಮೇಲೊಂದು ಕಂಪ್ಯೂಟರಿತ್ತು. ಅದಕ್ಕೆ ಕಸೂತಿ ಹಾಕಿದ ಬಟ್ಟೆ ಹೊದಿಸಿಟ್ಟಿದ್ದರು. ಬೀದಿನಾಯಿಗೆ ಬೆನ್ನು ತೋರಿಸಬಾರದೆಂಬ ನ್ಯಾಯದಿಂದ ಅದಕ್ಕೂ ಎಂದೂ ಬೆನ್ನು ಮಾಡಿ ಕೂತವರಲ್ಲ.

ನಾನು ಅಲ್ಲಿ ಇತಿಹಾಸ ಕಲಿಸುವವನು. ಸತ್ತ ಅರಸರ ಸಹವಾಸ ಸುರಕ್ಷಿತ. ಅವರು ಅಪ್‌ಡೇಟ್ ಕೇಳುವುದಿಲ್ಲ. ಈ ಸುಖಕ್ಕೆ ಕಲ್ಲು ಬಿದ್ದದ್ದು ತಪಾಸಣೆ ಕಮಿಟಿ ಬರುವ ಸುದ್ದಿ ಬಂದಾಗ. ಕಾಲೇಜಿನ ವೆಬ್‌ಸೈಟ್ ನೋಡಿಕೊಳ್ಳುತ್ತಿದ್ದಾತ ಕೆಲಸ ಬಿಟ್ಟಿದ್ದ. ಹಿಂದೊಮ್ಮೆ ಪ್ರೊಜೆಕ್ಟರಿನ ವೈರನ್ನು ಸರಿಯಾದ ತೂತಿಗೆ ಚುಚ್ಚಿದ್ದೆನೆಂಬ ಏಕೈಕ ಐತಿಹಾಸಿಕ ಆಧಾರದ ಮೇಲೆ ಪ್ರಿನ್ಸಿಪಾಲರು ಆ ಪಟ್ಟವನ್ನು ನನಗೆ ಕಟ್ಟಿದರು. ಪಟ್ಟದ ಜೊತೆಗೆ ಒಂದು ಮಾತನ್ನೂ ಮೆಲ್ಲಗೆ ಹೇಳಿದರು: ಇತಿಹಾಸಕ್ಕೆ ಹುಡುಗರು ಕಡಿಮೆ, ಕಮಿಟಿಯವರು ಒಂದು ವಿಭಾಗ ಮುಚ್ಚಿ ಎಂದರೆ ಯಾವುದನ್ನು ಮುಚ್ಚಬೇಕೆಂದು ತಾವು ವಿಚಾರ ಮಾಡಬೇಕಾದೀತು. ನನ್ನದು ಕಾಯಂ ನೌಕರಿಯಲ್ಲ. ವಿಭಾಗ ಹೋದರೆ ನಾನೂ ಹೋದಂತೆಯೇ.

ವೆಬ್‌ಸೈಟಿನ ಪುಟ ಬರೆದು, ಚಿತ್ರ ಸೇರಿಸಿ, ಎಲ್ಲವನ್ನೂ ಇಟ್ಟು ನಡೆಸುವ ತಂತ್ರಾಂಶಕ್ಕೆ ಕಂಟೆಂಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್ ಎನ್ನುತ್ತಾರೆ. ಹೆಸರು ಕೇಳಿಯೇ ನನಗೆ ಬೆವರು. ವಿಡಿಯೋ ನೋಡಿ ಕಲಿಯಿರಿ ಎಂದು ಹುಡುಗರು ಧೈರ್ಯ ಹೇಳಿದರು. ನೋಡಿದೆ. ಅದರೊಳಗಿನ ಮಹಾಶಯ ಬೆಕ್ಕು ಕಂಡ ಇಲಿಯ ಹಾಗೆ ಪರದೆಯ ತುಂಬ ಓಡಾಡಿ, ಇಷ್ಟೇ ನೋಡಿ ಎಂದು ಮುಗಿಸಿಬಿಟ್ಟ. ಪುಸ್ತಕವೇ ಬೇಕೆಂದು ಅಕ್ಕೋರ ಮೊರೆಹೊಕ್ಕೆ.

ಕಲಬುರಗಿಯ ಅಂಗಡಿಯವರು ಅವರನ್ನು ನಂಬಿ ಪುಸ್ತಕಗಳನ್ನು ನೋಡಲಿಕ್ಕೆಂದು ಮೊದಲೇ ಕಳಿಸುತ್ತಿದ್ದರು. ಒಪ್ಪಿದ್ದಕ್ಕೆ ಶಿಕ್ಕಾ, ಉಳಿದವು ವಾಪಸು. ಶಿಕ್ಕಾ ಬಿದ್ದ ಪುಸ್ತಕ ಮರಳಿ ಹೋಗುವ ಮಾತಿಲ್ಲ. ನನ್ನ ಸಲುವಾಗಿ ಮೂರು ಬಂದವು. ಒಂದು ಭಂಕೂರಿನ ಗಣಿಯಿಂದ ಈಗಷ್ಟೇ ಎಬ್ಬಿಸಿದ ಪರಸಿ ಕಲ್ಲಿನಂತೆ ದಪ್ಪಗೆ, ಭಾರವಾಗಿತ್ತು. ಇನ್ನೊಂದು ಬಣ್ಣಬಣ್ಣದ್ದು, ಓದುಗನಿಗೆ ಏನೂ ಗೊತ್ತಿರಬೇಕಾಗಿಲ್ಲ ಎಂದು ರಟ್ಟಿನ ಮೇಲೆಯೇ ಹೊಗಳಿತ್ತು. ಮೂರನೆಯದು ತೆಳ್ಳಗೆ, ಬೂದಿ ಬಣ್ಣದಲ್ಲಿ, ಸೂತಕದ ಮನೆಯಿಂದ ಬಂದ ಹಾಗಿತ್ತು. ಜ್ಞಾನಕ್ಕೆ ತೂಕವಿರುತ್ತದೆಂದು ನಂಬಿದ ಹಳೆಯ ಕಾಲದವನು ನಾನು. ಗಂಭೀರವಾಗಿ ಪರಸಿಯನ್ನೇ ಎತ್ತಿಕೊಂಡೆ.

ಅಕ್ಕೋರು ಶಿಕ್ಕಾ ಮುಟ್ಟಲಿಲ್ಲ. "ಸರ, ನಿಮಗ ಯಾತರ ಅಂಜಿಕಿ ಅದ, ಅದು ಹೇಳ್ರಿ ಮೊದಲ" ಎಂದರು.

ಅಂಜಿಕೆಯೇ, ನನಗೆಲ್ಲಿಯದು ಎಂದು ಎದೆಯುಬ್ಬಿಸಿದೆ.

"ಅಂಜಿಕಿ ಇಲ್ದವರಿಗಿ ಪುಸ್ತಕ ಯಾಕ ಬೇಕ್ರಿ? ಖರೇ ಹೇಳ್ರಿ. ನಾ ಯಾರ ಮುಂದನೂ ಅನ್ನಂಗಿಲ್ಲ."

ಹೇಳಿದೆ. ಏನೋ ಒತ್ತಿದರೆ ಎಲ್ಲ ಅಳಿಸಿಹೋದೀತು. ಯಾರೋ ಕಳ್ಳ ಒಳಹೊಕ್ಕು ಹೊಲಸು ಬರೆದಾನು. ಎಲ್ಲಕ್ಕಿಂತ ಹೆಚ್ಚು, ಪರದೆ ಬೆಳ್ಳಗಾಗಿ ನಿಂತೀತು. ಹಿಂದೆ ಹಾಗೆ ಆಗಿತ್ತೆಂದು ಕೇಳಿದ್ದೆ. ನಾನು ಒಂದೊಂದು ಭಯ ಹೇಳಿದಂತೆ ನೇರಳೆ ಉಗುರು ಮೂರೂ ಪುಸ್ತಕಗಳ ಹಿಂಬದಿಯಲ್ಲಿ ಇಳಿಯುತ್ತ ಹೋಯಿತು. ಪರಸಿಯ ಸೂಚಿಯಲ್ಲಿ ಜಗತ್ತೇ ಇತ್ತು, ನನ್ನ ಭಯ ಇರಲಿಲ್ಲ. ಬಣ್ಣದ್ದಕ್ಕೆ ಸೂಚಿಯೇ ಇಲ್ಲ. ಬೂದಿ ಪುಸ್ತಕದಲ್ಲಿ ಕಳ್ಳನಿಗೆ ಒಂದು ಅಧ್ಯಾಯ, ಅಳಿಸಿದ್ದನ್ನು ಮರಳಿ ತರುವುದಕ್ಕೆ ಇನ್ನೊಂದು, ಬಿಳಿ ಪರದೆಗೆಂದೇ ಹಲವು ಪುಟ. ನಾನು ಹೂಂ ಎನ್ನುವ ಮೊದಲೇ ಶಿಕ್ಕಾ ಠಪ್ಪೆಂದು ಬಿತ್ತು. ಮರಣದಂಡನೆಗೆ ಸಹಿಯಾದಂತೆ ಬೆಚ್ಚಿಬಿದ್ದೆ.

"ಬರದವನು ನಿಮ್ಮಂಗೇ ಅಂಜುಬುರುಕ ಇದ್ದಾನ ಸರ," ಅಂದರು. "ಅಂಥವನ ಜೋಡಿ ಹೋದ್ರ ದಾರಿ ತಪ್ಪಂಗಿಲ್ಲ."

ಆ ಅಂಜುಬುರುಕನ ಬೆನ್ನು ಹಿಡಿದು ಕಲಿತೆ. ಪುಟಗಳೆದ್ದವು, ಪ್ರಿನ್ಸಿಪಾಲರ ಭಾವಚಿತ್ರ ಏರಿತು. ಕಮಿಟಿ ಬರುವ ವಾರ, ಪ್ಲಗಿನ್ ಎಂಬ ಒಂದು ಮೇಲ್ಜೋಡಣೆಯನ್ನು ಹೊಸದು ಮಾಡಲು ಹೋಗಿ ಅಪ್‌ಡೇಟ್ ಒತ್ತಿದೆ. ಪರದೆ ಬೆಳ್ಳಗಾಯಿತು. ಬರೀ ಬಿಳುಪು, ಒಂದಕ್ಷರವಿಲ್ಲ. ಮಳಖೇಡದ ಕೋಟೆ ಬೀಳಲು ಶತಮಾನಗಳು ಬೇಕಾದವು. ನಮ್ಮ ಕಾಲೇಜು ಒಂದು ಕ್ಲಿಕ್ಕಿಗೆ ನೆಲಸಮ. ಕೈಬೆರಳು ತಣ್ಣಗಾಯಿತು. ಇದು ಹಾಸ್ಯಕ್ಕೆ ಹೇಳುತ್ತಿಲ್ಲ. ನಾಳೆ ಹೆಂಡತಿಯ ಎದುರು ಯಾವ ಮುಖ ಹೊತ್ತು ನಿಲ್ಲಲಿ ಎಂಬುದೊಂದೇ ತಲೆಯಲ್ಲಿತ್ತು.

ಲ್ಯಾಪ್‌ಟಾಪನ್ನು ಎಳೆಗೂಸಿನ ಹಾಗೆ ಎತ್ತಿಕೊಂಡು ಗ್ರಂಥಾಲಯಕ್ಕೆ ಹೋದೆ. ಅಕ್ಕೋರು ಒಮ್ಮೆ ಆ ಬಿಳುಪನ್ನು ನೋಡಿ ಮುಖ ತಿರುಗಿಸಿದರು. ಎಡಗೈ ಕೊರಳಿನ ಲಿಂಗದ ಕರಡಿಗೆಯನ್ನು ಬಿಗಿಯಾಗಿ ಹಿಡಿಯಿತು. ಅವರಿಗೆ ನನಗಿಂತ ಹೆಚ್ಚು ಭಯವಾಗಿತ್ತು. ಆದರೆ ಬಲಗೈ ಪುಸ್ತಕದ ಹಿಂಬದಿಯಲ್ಲಿ ಆಗಲೇ ಇಳಿದಿತ್ತು.

"ನಾ ಅತ್ತ ನೋಡಂಗಿಲ್ಲ. ನಾ ಓದ್ತೀನಿ, ನೀವು ಮಾಡ್ರಿ."

ವಾಡಿ ಜಂಕ್ಷನ್ನಿನಲ್ಲಿ ಗಾಡಿ ಸಾರುವವರ ದನಿಯಲ್ಲಿ ಇಂಗ್ಲಿಷ್ ಸಾಲುಗಳನ್ನು ಒಂದೂ ಬಿಡದೆ ಓದಿದರು. ಹೀಗೆ ಒಳಗೆ ಹೋಗು, ಪ್ಲಗಿನ್ನುಗಳ ಫೋಲ್ಡರು ಹುಡುಕು, ಅದರ ಹೆಸರು ಬದಲಿಸು, ಗಾಬರಿಯಾಗಬೇಡ. ಗಾಬರಿಯಾಗಬೇಡ ಎಂಬುದು ಪುಸ್ತಕದಲ್ಲಿತ್ತೋ ಅವರದೇ ಸೇರ್ಪಡೆಯೋ, ಈವರೆಗೂ ನಾನು ಹುಡುಕಿ ನೋಡಿಲ್ಲ. ಹೆಸರು ಬದಲಿಸಿದೆ.

"ಬಂತೇನ್ರಿ?"

"ಬಂತ್ರಿ, ಅಕ್ಕೋರ."

"ಹಂಗಾದ್ರ ಈಗ ನಾ ನೋಡ್ತೀನಿ" ಎಂದು ತಿರುಗಿ ನೋಡಿದರು. ಪ್ರಿನ್ಸಿಪಾಲರು ಪರದೆಯ ಮೇಲೆ ನಗುತ್ತಿದ್ದರು. ಅವರ ನಗು ಅಷ್ಟು ಸುಂದರವಾಗಿ ನನಗೆ ಹಿಂದೆಂದೂ ಕಂಡಿರಲಿಲ್ಲ.

ಕಮಿಟಿಯವರು ಬಂದರು, ಮೊದಲ ಪುಟವಷ್ಟನ್ನೇ ನೋಡಿದರು, ಚಹಾಕ್ಕೆ ಸಕ್ಕರೆ ಕಡಿಮೆ ಎಂದರು, ಹೋದರು. ಇತಿಹಾಸ ಉಳಿಯಿತು.

ಮುಂದಿನ ಮಳೆಗಾಲ ಅಕ್ಕೋರ ಕುರ್ಚಿ ಖಾಲಿಯಾಗತೊಡಗಿತು. ಹೊಟ್ಟೆಬೇನೆ ಎಂದಿದ್ದರು. ವಾಡಿಗೆ ಹೋದೆ. ಮಂಚದ ಮೇಲೆ ದಿಂಬಿಗೊರಗಿ ಕೂತಿದ್ದರು. ಅವರ ಯಜಮಾನರು ಡ್ಯೂಟಿಗೆ ಹೋಗಿದ್ದರು. ತೊಡೆಯ ಮೇಲೆ ಒಂದು ದಪ್ಪ ವೈದ್ಯಕೀಯ ಪುಸ್ತಕ. ಹೆಬ್ಬೆರಳು ಹಿಂಬದಿಯ ಸೂಚಿಯಲ್ಲಿತ್ತು. ಡಾಕ್ಟರು ಚೀಟಿಯಲ್ಲಿ ಬರೆದ ರೋಗದ ಹೆಸರು ಸಿಕ್ಕಿದೆ, ಪುಟ ತೆಗೆಯಲು ಕೈ ಬರುತ್ತಿಲ್ಲ ಎಂದರು.

"ನೀವು ಓದ್ರಿ ಸರ. ನಾ ಅತ್ತ ನೋಡಂಗಿಲ್ಲ." ಗೋಡೆಯ ಕಡೆ ತಿರುಗಿದರು.

ಓದಿದೆ. ತರಗತಿಯ ದನಿಯನ್ನು ಎಲ್ಲಿಂದಲೋ ಎಳೆದು ತಂದೆ. ಪುಟದ ನಡುವೆ, ಇನ್ನೆಷ್ಟು ದಿನ ಎಂದು ಹೇಳುವ ಒಂದು ಸಾಲು ಬಂತು. ಅದನ್ನು ದಾಟಿ ಮುಂದಿನದಕ್ಕೆ ಹೋದೆ.

"ಒಂದು ಸಾಲ ಬಿಟ್ರಿ."

"ಹ್ಯಾಂಗ ಗೊತ್ತಾತ್ರಿ?"

"ದನಿ ಜಿಗೀತು."

ಆ ಸಾಲನ್ನೂ ಓದಿದೆ. ಹೊರಗೆ ಗೂಡ್ಸ್ ಗಾಡಿಯೊಂದು ಮುಗಿಯಲಾರದಂತೆ ಹಾಯುತ್ತಿತ್ತು. ಅದರ ಕೊನೆಯ ಡಬ್ಬಿಯೂ ಹಾದುಹೋಯಿತು.

"ಹೂಂ. ಈಗ ನಾ ನೋಡ್ತೀನಿ." ಈ ಕಡೆ ತಿರುಗಿ, ಆ ಸಾಲಿನ ಕೆಳಗೆ ನೇರಳೆ ಉಗುರನ್ನಿಟ್ಟು, ತಾವೇ ನಿಧಾನವಾಗಿ ಮತ್ತೊಮ್ಮೆ ಓದಿಕೊಂಡರು. ಚಹಾ ಕುಡಿದು ಹೋಗಲು ಹೇಳಿದರು.

ದೀಪಾವಳಿಗೆ ಮುಂಚೆ ಹೋಗಿಬಿಟ್ಟರು. ಮಣ್ಣು ಕೊಡಲು ವಾಡಿಗೆ ಹೋಗಿದ್ದೆ. ಅವರ ಕೈ ಬಟ್ಟೆಯೊಳಗೆ ಮುಚ್ಚಿತ್ತು, ಉಗುರು ಕಾಣಲಿಲ್ಲ.

ವೆಬ್‌ಸೈಟ್ ಇನ್ನೂ ನನ್ನ ಕೊರಳಿಗೇ ಇದೆ. ಅಪ್‌ಡೇಟ್ ಒತ್ತುವಾಗ ಈಗಲೂ ಬೆರಳು ತಣ್ಣಗಾಗುತ್ತದೆ. ಬೂದಿ ಪುಸ್ತಕವನ್ನು ಹಿಂದಿನಿಂದ ತೆರೆದು ಪಕ್ಕಕ್ಕಿಟ್ಟುಕೊಳ್ಳುತ್ತೇನೆ. ಓದಿ ಹೇಳುವವರಿಲ್ಲ, ಹಾಗಾಗಿ ಖಾಲಿ ಗ್ರಂಥಾಲಯದಲ್ಲಿ ನಾನೇ ಗಟ್ಟಿಯಾಗಿ ಓದುತ್ತೇನೆ, ಒಂದು ಸಾಲನ್ನೂ ಬಿಡದೆ.