ಬದುವಿನ ಗೋಡೆಯಲ್ಲೊಂದು ದಾರಿ

ನಮ್ಮ ಬಡಾವಣೆಯ ಮಹಡಿಗಳಿಂದ ಬೈಯಪ್ಪನಹಳ್ಳಿ ಮೆಟ್ರೋ ನಿಲ್ದಾಣ ಸ್ಪಷ್ಟವಾಗಿ ಕಾಣುತ್ತದೆ. ಬಟ್ಟೆ ಒಣಹಾಕುತ್ತ ನಿಂತರೆ ರೈಲು ನಿಧಾನಿಸಿ ನಿಲ್ಲುವುದನ್ನು ನೋಡಬಹುದು. ಆದರೆ ಅಲ್ಲಿಗೆ ನಡೆದು ಹೋಗಬೇಕಾದವರು ಮೊದಲು ಅದಕ್ಕೆ ಬೆನ್ನು ಮಾಡಿ ಹೊರಡಬೇಕಿತ್ತು. ಅಡ್ಡರಸ್ತೆಗಳನ್ನು ದಾಟಿ, ಮುಖ್ಯರಸ್ತೆ ಹಿಡಿದು, ಲಾರಿ ಕ್ಯಾಬುಗಳ ಅಂಚಿನಲ್ಲಿ ಜೀವ ಹಿಡಿದುಕೊಂಡು ಬಳಸಿ ಬರಬೇಕಿತ್ತು. ಕಾರಣ ಇಷ್ಟೇ: ನಮ್ಮ ರಸ್ತೆಯ ತುದಿಯಲ್ಲಿ ಆಳೆತ್ತರದ ಒಂದು ಸೈಜುಗಲ್ಲಿನ ಗೋಡೆಯಿತ್ತು. ಆಚೆ ಇನ್ನೊಂದು ಬಡಾವಣೆಯ ರಸ್ತೆ, ಆ ರಸ್ತೆಯ ಕೊನೆಗೆ ನಿಲ್ದಾಣ.

ನಗರದ ಪೂರ್ವಭಾಗದಲ್ಲಿ ಇಂಥ ಗೋಡೆಗಳಿಗೆ ಲೆಕ್ಕವಿಲ್ಲ. ಇಲ್ಲಿ ಒಬ್ಬೊಬ್ಬ ರೈತನೂ ತನ್ನ ರಾಗಿಹೊಲವನ್ನು ನಿವೇಶನಗಳಾಗಿ ಒಡೆಯುವಾಗ ತನ್ನ ಬದುವಿನವರೆಗೆ ಮಾತ್ರ ರಸ್ತೆ ಬಿಟ್ಟ. ಪಕ್ಕದ ಹೊಲದವನೂ ಹಾಗೆಯೇ ಮಾಡಿದ. ಇಬ್ಬರ ರಸ್ತೆಗಳೂ ಒಂದನ್ನೊಂದು ಕೂಡುವ ಅಗತ್ಯ ಆಗ ಯಾರಿಗೂ ತೋರಲಿಲ್ಲ. ಹೊಲದ ನಕಾಶೆಯೇ ನಗರದ ನಕಾಶೆಯಾಯಿತು, ಬದು ಗೋಡೆಯಾಯಿತು.

ನಾನು ಪ್ರತಿದಿನ ಕೆಲಸಕ್ಕೆ ಹಲಸೂರಿಗೆ ಹೋಗುವವಳು. ಅಲ್ಲಿ ನಿಲ್ದಾಣದ ಮೆಟ್ಟಿಲಿಳಿದು ಹಳೆಯ ಬೀದಿಗಳಿಗೆ ಹೊಕ್ಕರೆ ಒಂದು ಸಂದಿ ಇನ್ನೊಂದು ಸಂದಿಗೆ, ಅದು ಸಂತೆಬೀದಿಗೆ ಕೈಹಿಡಿದು ಕರೆದೊಯ್ಯುತ್ತದೆ. ಕೆಳಗೆ ಬಳೆ ಅಂಗಡಿ, ಮೇಲೆ ಮನೆ. ಕೆಳಗೆ ದರ್ಜಿ, ಮೇಲೆ ಟ್ಯೂಷನ್. ಕನ್ನಡದಲ್ಲಿ ಕೇಳಿದ ದಾರಿಗೆ ತಮಿಳಿನಲ್ಲಿ ಉತ್ತರ ಬಂದರೂ ಕಾಲಿಗೆ ಅರ್ಥವಾಗುತ್ತದೆ. ಸಾರಿಗೆಯ ಸುತ್ತ ಊರು ಕಟ್ಟಬೇಕು, ಮನೆ, ಅಂಗಡಿ, ಕೆಲಸ ಎಲ್ಲವೂ ನಿಲ್ದಾಣದಿಂದ ನಡಿಗೆಯ ದೂರದಲ್ಲಿರಬೇಕು ಎಂದು ಯೋಜಕರು ಇಂದು ದೊಡ್ಡ ವರದಿಗಳಲ್ಲಿ ಹೇಳುತ್ತಾರೆ. ವರದಿಯಿಲ್ಲದೆಯೇ ಅದನ್ನು ಸಾಧಿಸಿದ ಆ ಬೀದಿಗಳನ್ನು ನಾನು ಇವತ್ತಿಗೂ ಬೆರಗಿನಿಂದ ನೋಡುತ್ತೇನೆ. ಅಂಥದ್ದು ನಮ್ಮಲ್ಲೂ ಆಗಬೇಕೆಂಬ ಹಂಬಲ ನನ್ನದು.

ಆ ಹಂಬಲಕ್ಕೆ ಕಿಡಿ ಹೊತ್ತಿಸಿದವಳು ಮೇಲಿನ ಮನೆಯ ಗೆಳತಿ. ಹುಬ್ಬಳ್ಳಿಯವಳು, ಇಂದಿರಾನಗರದ ಕಚೇರಿಯೊಂದರಲ್ಲಿ ಕೆಲಸ. ಅವಳ ನಾಲ್ಕು ವರ್ಷದ ಮಗಳು ನಮ್ಮ ರಸ್ತೆಯ ಕೊನೆಯ ಮನೆಯ ಡೇಕೇರ್‌ನಲ್ಲಿ ಇರುತ್ತಿದ್ದಳು. ಒಂದು ದಿನ ಗೆಳತಿ ನಮ್ಮ ಮೆಟ್ಟಿಲ ಮೇಲೆ ಕುಸಿದು ಕುಳಿತು ಹೇಳಿದಳು: “ಆರಕ್ಕ ಟ್ರೇನ್ ಇಳಿತೀನ್ರೀ. ಗ್ವಾಡಿ ಆಚೀಗೆ ನನ್ನ ಮಗಳ ದನಿ ಕೇಳಿಸಿದಂಗ ಆಗ್ತದ. ಆದ್ರ ಅಕೀನ್ನ ಮುಟ್ಟಲಿಕ್ಕೆ ಮತ್ತ ಅರ್ಧ ತಾಸು ಬೇಕು. ದಿನಾ ಕಡೀಗೆ ಉಳಿಯೋ ಕೂಸು ನಂದಽ.”

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ನನಗೆ ಕಲಿಸಿದ ಮೊದಲ ಪಾಠವೆಂದರೆ, ಎದುರಾಳಿ ಬಾಯಿ ತೆರೆಯುವ ಮುನ್ನವೇ ಅವನ ವಾದವನ್ನು ಊಹಿಸಿ ಉತ್ತರ ಸಿದ್ಧಪಡಿಸಿಕೊಳ್ಳುವುದು. ನಾನು ಹಾಗೆಯೇ ಮಾಡಿದೆ. ಸುತ್ತಮುತ್ತಲ ರಸ್ತೆಗಳನ್ನೆಲ್ಲ ನಡೆದು ನಕ್ಷೆ ಬರೆದೆ. ಮುಚ್ಚಿದ ತುದಿಗಳಿಗೆ ಕೆಂಪು ಬಣ್ಣ ಬಳಿದೆ. ಗೋಡೆಯನ್ನು ಪೂರ್ತಿ ಕೆಡವಿ ಎರಡೂ ರಸ್ತೆಗಳನ್ನು ಕೂಡಿಸಬೇಕೆಂದು ಪಾಲಿಕೆಗೆ ಅರ್ಜಿ ಬರೆದು ನಿವಾಸಿಗಳ ಸಂಘದ ಸಭೆಯಲ್ಲಿ ಓದಿದೆ. ಕಳ್ಳತನದ ಭಯಕ್ಕೆ ಒಂದು ಉತ್ತರ, ಕಸದ ಭಯಕ್ಕೆ ಒಂದು, ಅಪರಿಚಿತರ ಭಯಕ್ಕೆ ಒಂದು. ಧ್ವನಿಯ ಏರಿಳಿತವೂ ಸರಿಯಾಗಿಯೇ ಇತ್ತು.

“ಗೋಡೆ ಬಿದ್ರೆ ಬಾಡಿಗೆ ಏರತ್ತೆ ಮೇಡಂ,” ಎಂದರು ಸಂಘದ ಕಾರ್ಯದರ್ಶಿ. “ಓನರ್ ಅಂತ ಖುಷಿ ಪಡ್ಲಾ, ಕಾರ್ಯದರ್ಶಿ ಅಂತ ನಿಮ್ಮಂಥ ಬಾಡಿಗೆಯವ್ರ ಪರ ಅಳ್ಲಾ, ಅದೊಂದು ಹೇಳ್ಬಿಡಿ.”

ಎಲ್ಲರೂ ನಕ್ಕರು. ಚಪ್ಪಾಳೆಯೂ ಬಂತು. ಆಗ ಹಿಂದಿನ ಸಾಲಿನಿಂದ ಡೇಕೇರ್ ನಡೆಸುವ ಅಕ್ಕ ಎದ್ದು ನಿಂತರು. ಅವರು ಊರಿನ ಮೂಲ ಮನೆತನದವರು. ನಮ್ಮ ಬಡಾವಣೆಯಾದ ಹೊಲ ಅವರ ಮಾವನದು, ಆ ಗೋಡೆಯೂ ಮಾವ ಕಟ್ಟಿಸಿದ್ದೇ. ಅವರು ವಾದಿಸಲಿಲ್ಲ.

“ಭಾಷಣ ಭಾಳ ಚೆನ್ನಾಗಿತ್ತು ಕಣಮ್ಮ. ಒಂದಿನ ಸಂಜೆ ನಾಲ್ಕಕ್ಕೆ ನಮ್ಮನೆ ಮುಂದೆ ಬಂದು ಕೂತ್ಕೊ. ಆಮೇಲೆ ಅರ್ಜಿ ಕೊಡು.”

ಆ ಶನಿವಾರ ಹೋದೆ. ನಕ್ಷೆ ಬರೆಯುವಾಗ ಆ ತುದಿಯನ್ನು ಬೆಳಗಿನ ಏಳಕ್ಕೆ ಮಾತ್ರ ಕಂಡಿದ್ದ ನನಗೆ ಅದೇ ಜಾಗವೆಂದು ನಂಬಲಾಗಲಿಲ್ಲ. ನಾಲ್ಕಾದೊಡನೆ ಅಕ್ಕನ ಎರಡು ಕೋಣೆಯ ಮನೆಯಿಂದ ಹದಿನಾಲ್ಕು ಮಕ್ಕಳು ರಸ್ತೆಗೆ ಸುರಿದರು. ಕುಂಟೆಬಿಲ್ಲೆಯ ಮನೆಗಳು ಡಾಂಬರಿನ ಮೇಲೆ ಮೂಡಿದವು. ಮೂರು ಗಾಲಿಯ ಸೈಕಲ್ಲುಗಳು ಗೋಡೆಯವರೆಗೆ ಓಡಿ, ಅದನ್ನು ಮುಟ್ಟಿ ತಿರುಗಿದವು. ಅಕ್ಕನ ಮನೆಗೆ ಅಂಗಳವಿರಲಿಲ್ಲ. ರಸ್ತೆಯೇ ಅಂಗಳ; ಅದಕ್ಕೆ ಹಿಂಬದಿಯ ಬೇಲಿ ಈ ಗೋಡೆ.

“ಇದು ಪೂರ್ತಿ ಬಿದ್ರೆ ಸ್ಟೇಷನ್‌ಗೆ ಹೋಗೋ ಬೈಕು, ಆಟೋ, ಕ್ಯಾಬು ಎಲ್ಲಾ ಇಲ್ಲೇ ನುಗ್ತಾವೆ,” ಎಂದರು ಅಕ್ಕ. “ಮಕ್ಕಳನ್ನ ಒಳಗೆ ಕೂಡಿಹಾಕೋದಾದ್ರೆ ನಾನ್ಯಾಕೆ ಬೇಕು, ಟಿವಿ ಸಾಕಲ್ವಾ? ಅಪ್ಪ ಅಮ್ಮಂದ್ರು ಒಬ್ಬೊಬ್ರಾಗಿ ಮಕ್ಕಳನ್ನ ಬಿಡಿಸ್ಕೊಂಡು ಹೋಗ್ತಾರೆ. ಆಮೇಲೆ ಡೇಕೇರ್ ಬಾಗಿಲು ಹಾಕೋದೇ.”

ನಾನು ಊಹಿಸಿಟ್ಟುಕೊಂಡ ಯಾವ ಪ್ರತಿವಾದದಲ್ಲೂ ಈ ಮಾತು ಇರಲಿಲ್ಲ. ರಸ್ತೆಯೊಂದು ಮುಚ್ಚಿದ್ದರೆ ಅದು ಸತ್ತ ರಸ್ತೆ ಎಂದು ನಾನು ತೀರ್ಮಾನಿಸಿದ್ದೆ. ಇಡೀ ಬಡಾವಣೆಯಲ್ಲಿ ಅತ್ಯಂತ ಜೀವಂತವಾಗಿದ್ದ ಮೂವತ್ತು ಅಡಿಗೇ ಕೆಂಪು ಬಣ್ಣ ಬಳಿದಿದ್ದೆ.

ಅರ್ಜಿ ಕೊಡಲಿಲ್ಲ. ಆದರೆ ಅದನ್ನು ಗೆಳತಿಗೆ ಹೇಳಬೇಕಾಗಿ ಬಂದದ್ದು ಕಷ್ಟವಾಯಿತು. “ಹಂಗಾರ ನನ್ನ ಪಾಡೇನ್ರೀ?” ಎಂದಳು. ಸರಿಯಾದ ಪ್ರಶ್ನೆ. ಡೇಕೇರ್ ಮುಚ್ಚಿದರೆ ನಷ್ಟ ಅವಳಿಗೂ ಇತ್ತು, ಗೋಡೆ ಉಳಿದರೂ ಇತ್ತು. ಇಬ್ಬರೂ ಸೇರಿ ಅಕ್ಕನ ಬಳಿಗೆ ಹೋದೆವು. ನಾನು ಮೊದಲ ಬಾರಿಗೆ ಯಾವ ಟಿಪ್ಪಣಿಯನ್ನೂ ಒಯ್ಯದೆ, ಏನು ಮಾಡಬಹುದು ಎಂದು ಕೇಳಿದೆ.

ಅಕ್ಕ ಗೋಡೆಯ ಕಡೆ ಕೈ ತೋರಿಸಿದರು. “ಹೊಲ ಇದ್ದಾಗ ಇಲ್ಲೊಂದು ಕಾಲುದಾರಿ ಇತ್ತು. ಬದು ದಾಟೋ ಕಡೆ ನಮ್ಮ ಮಾವ ಕಂಬದಂಥ ಎರಡು ಕಲ್ಲುಕೂಚ ನೆಟ್ಟಿದ್ರು, ಹತ್ರ ಹತ್ರ. ಹುಲ್ಲಿನ ಹೊರೆ ಹೊತ್ತ ಹೆಂಗಸು ಓರೆಯಾಗಿ ನುಸುಳ್ಬೋದು, ಎಮ್ಮೆ ನುಗ್ಗಕ್ಕಾಗಲ್ಲ. ಬೈಕೂ ಒಂದು ಎಮ್ಮೆನೇ ಅಲ್ವಾ?”

ಬೈಕನ್ನು ಎಮ್ಮೆಯಾಗಿ ಕಂಡ ಆ ಬುದ್ಧಿಗೆ ನನ್ನ ಮನಸ್ಸು ಇಂದಿಗೂ ತಲೆಬಾಗುತ್ತದೆ. ಜನ ನಡೆಯಬೇಕು, ವಾಹನ ನುಗ್ಗಬಾರದು ಎಂಬ ಇಡೀ ಸಿದ್ಧಾಂತ ಎರಡು ಕಲ್ಲುಗಳ ನಡುವೆ ಇತ್ತು.

ಆಚೆಯ ರಸ್ತೆಯ ಮನೆಗಳಿಗೆ ಅಕ್ಕನೇ ನಮ್ಮನ್ನು ಕರೆದೊಯ್ದು ಅಲ್ಲಿಯವರನ್ನು ಒಪ್ಪಿಸಿದರು; ನಮ್ಮ ಕಡೆಯ ತರಕಾರಿ ಅಂಗಡಿ ಹತ್ತಿರವಾಗುತ್ತದೆಂದು ಅವರೂ ಸಂತೋಷಪಟ್ಟರು. ಒಂದು ಭಾನುವಾರ ಗಾರೆಯವರು ಬಂದು ಗೋಡೆಯ ಮಧ್ಯೆ ಬಾಗಿಲಿನಷ್ಟು ಕಲ್ಲು ತೆಗೆದು, ಅಲ್ಲಿ ಎರಡು ಕಂಬ ನೆಟ್ಟರು. ಸಂಜೆಯೊಳಗೆ ಊಟ ತಲುಪಿಸುವ ಯುವಕನೊಬ್ಬ ಮುಂದಿನ ಚಕ್ರ ಎತ್ತಿ, ಹ್ಯಾಂಡಲ್ ಓರೆ ಮಾಡಿ ಬೈಕನ್ನು ದಾಟಿಸಿಯೇಬಿಟ್ಟ.

“ಸಾರಿ ಆಂಟಿ, ಮ್ಯಾಪಲ್ಲಿ ಗೋಡೆನೇ ಇಲ್ಲ, ಮೊದ್ಲಿಂದ್ಲೂ ಈ ಕಡೆನೇ ತೋರಿಸ್ತಿತ್ತು.”

“ನಿನ್ ಮ್ಯಾಪ್‌ಗೆ ಮಕ್ಕಳು ಕಾಣ್ಸಲ್ವೇನಪ್ಪ?” ಎಂದರು ಅಕ್ಕ. ಅವನಿಗೆ ಹೇಳಿದ ಮಾತು ನನಗೂ ತಾಗಿತು.

ಮರುದಿನ ಮೂರನೆಯ ಕಂಬವೊಂದನ್ನು ಒಂದು ಹೆಜ್ಜೆ ಹಿಂದೆ, ಸಂದಿಗೆ ಎದುರಾಗಿ ನೆಡಿಸಿದೆವು. ಈಗ ಒಳಬರುವವರು ಒಂದು ಸಲ ತಿರುಗಿಯೇ ಬರಬೇಕು. ಬೈಕಿಗೆ ಆ ತಿರುವು ಸಾಧ್ಯವಿಲ್ಲ. ಗಾಲಿಕುರ್ಚಿಗೂ ಸಾಧ್ಯವಿಲ್ಲ ಎಂಬುದು ನನ್ನನ್ನು ಕಾಡುತ್ತದೆ. ಅದಕ್ಕೆ ಪರಿಹಾರ ನನ್ನ ಬಳಿ ಇನ್ನೂ ಇಲ್ಲ. ಇದೆಯೆಂದು ವಾದಿಸಲೂ ಹೋಗುವುದಿಲ್ಲ.

ಮೂರನೆಯ ಕಂಬ ನೆಟ್ಟ ಮರುಸಂಜೆ ನಾನೂ ಅಲ್ಲಿದ್ದೆ. ಆರು ದಾಟಿ ಕೆಲವೇ ನಿಮಿಷಗಳಾಗಿದ್ದವು. ಗೆಳತಿ ಲ್ಯಾಪ್‌ಟಾಪ್ ಚೀಲವನ್ನು ಎದೆಗವಚಿಕೊಂಡು ಕಂಬಗಳ ನಡುವೆ ಓರೆಯಾಗಿ ತೂರಿ ಬಂದಳು. ಮಕ್ಕಳು ಆಟ ನಿಲ್ಲಿಸಲಿಲ್ಲ. ಅವಳ ಮಗಳು ಮಾತ್ರ ಒಂಟಿಕಾಲಲ್ಲಿ ನಿಂತು ತಾಯಿಯನ್ನು ನೋಡಿ ಮುಖ ಊದಿಸಿಕೊಂಡಳು.

“ಇಷ್ಟ್ ಲಗೂ ಯಾಕ ಬಂದಿ? ನನ್ನ ಆಟ ಮುಗಿದಿಲ್ಲ!”

ಗೆಳತಿ ನಗುತ್ತ ಅಕ್ಕನ ಮೆಟ್ಟಿಲ ಮೇಲೆ ಕುಳಿತಳು, ಚಪ್ಪಲಿ ಬಿಚ್ಚಿ ಕಾಲು ಚಾಚಿದಳು. “ಆಡವ್ವಾ, ನಾ ಕುಂದರ್ತೀನಿ.”

ಅಕ್ಕ ಅವರೆಕಾಯಿಯ ಮೊರವನ್ನು ಅವಳ ಕಡೆ ತಳ್ಳಿದರು. “ಕೂತಿರೋಳು ಒಂದಿಷ್ಟು ಕಾಯಿ ಸುಲಿ ಮತ್ತೆ.”